ಇಂಗ್ಲಿಷ್ ಸಂಭಾಷಣೆಯ ನಿತ್ಯವಾಕ್ಯಗಳು: ಮಲೆನಾಡಿನ ವಿದ್ಯಾರ್ಥಿಯ ದೃಷ್ಟಿಯಿಂದ ಒಂದು ವಿವೇಚನೆ

ಸಂಶೋಧನಪತ್ರಿಕೆಯೊಂದರಲ್ಲಿ ಇಂಗ್ಲಿಷ್ ಸಂಭಾಷಣೆಯ ನಿತ್ಯವಾಕ್ಯಗಳನ್ನು ಕುರಿತ ಲೇಖನವೇಕೆ, ಅದೂ ಇತಿಹಾಸದ ಅಧ್ಯಾಪಕರಿಂದ ಏಕೆ, ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಒಂದು ಪ್ರಸಂಗವನ್ನು ಹೇಳಿ ಅದಕ್ಕೆ ಉತ್ತರ ಕೊಡುತ್ತೇವೆ.

ಕೆಲವು ವರ್ಷಗಳ ಹಿಂದೆ ಹೊಸನಗರ ಸೀಮೆಯ ಹಳ್ಳಿಯೊಂದರಿಂದ ಬಂದ ನಮ್ಮ ವಿದ್ಯಾರ್ಥಿಯೊಬ್ಬನು ಸಂಶೋಧನವೃತ್ತಿಯ ಸಂದರ್ಶನಕ್ಕೆ ಹೋಗಿದ್ದನು. ವಿಷಯದಲ್ಲಿ ಅವನ ಅಭ್ಯಾಸ ಗಟ್ಟಿಯಾಗಿತ್ತು. ಸ್ವಭಾವದಿಂದ ಅವನು ಸತ್ಯವಂತ. ಪರೀಕ್ಷಕರಲ್ಲೊಬ್ಬರು ಇಂಗ್ಲಿಷಿನಲ್ಲಿ, “ಡಿಡಂಟ್ ಯು ಸೀ ದಿ ಒರಿಜಿನಲ್ ರೆಕಾರ್ಡ್ಸ್?” ಎಂದು ಕೇಳಿದರು. ಮೂಲ ದಾಖಲೆಗಳನ್ನು ನೀವು ನೋಡಲಿಲ್ಲವೇ ಎಂದು ಅದರ ಅರ್ಥ. ಅವನು ನೋಡಿರಲಿಲ್ಲ. ಆದುದರಿಂದ ವಿನಯದಿಂದ “ಯೆಸ್ ಸಾರ್” ಎಂದನು. ಯಾವ ದಾಖಲೆ, ಎಲ್ಲಿ ನೋಡಿದಿರಿ ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಅವನಿಗೆ ಏನೊಂದೂ ತಿಳಿಯಲಿಲ್ಲ, ಸುಮ್ಮನೆ ನಿಂತನು. ನೋಡದುದನ್ನು ನೋಡಿದೆನೆಂದು ಹೇಳಿದನೆಂಬ ಅಭಿಪ್ರಾಯ ಸಮಿತಿಯ ಮನಸ್ಸಿನಲ್ಲಿ ಉಳಿಯಿತು. ಆ ವರ್ಷ ಅವನಿಗೆ ವೃತ್ತಿ ದೊರೆಯಲಿಲ್ಲ. ಕನ್ನಡದ ಕ್ರಮದಲ್ಲಿ ಅವನ ಉತ್ತರ ಸಂಪೂರ್ಣವಾಗಿ ಸರಿ: “ಹೌದು, ನೋಡಲಿಲ್ಲ.” ಇಂಗ್ಲಿಷಿನ ಕ್ರಮದಲ್ಲಿ ಅದು ತೀರ ವಿರುದ್ಧವಾದ ಅರ್ಥವನ್ನು ಕೊಟ್ಟಿತು. ಸತ್ಯವನ್ನಾಡಿದವನು ಸುಳ್ಳುಗಾರನೆನಿಸಿಕೊಂಡನು.

ಇಂತಹ ಅಪಾರ್ಥಗಳು ವ್ಯಾಕರಣದ ಪಾಠದಿಂದ ನಿವಾರಣೆಯಾಗುವುದು ಅಪರೂಪ. ಅವನಿಗೆ ವ್ಯಾಕರಣ ಬರುತ್ತಿತ್ತು. ವಾಕ್ಯವನ್ನು ಬರೆದುಕೊಟ್ಟಿದ್ದರೆ ದೋಷವಿಲ್ಲದೆ ಅನುವಾದಿಸುತ್ತಿದ್ದನು. ಅವನಿಗೆ ಗೊತ್ತಿರದಿದ್ದುದು ಆ ಭಾಷೆಯ ಜನ ದಿನಬಳಕೆಯಲ್ಲಿ ಮಾತನ್ನು ಹೇಗೆ ಕೊಟ್ಟು ತೆಗೆದುಕೊಳ್ಳುತ್ತಾರೆಂಬ ಪದ್ಧತಿ. ಪದ್ಧತಿಗೆ ಇತಿಹಾಸವುಂಟು. ಆ ಇತಿಹಾಸವನ್ನೂ, ಅದರಿಂದ ಫಲಿಸುವ ಬಳಕೆಯ ನಿಯಮಗಳನ್ನೂ ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

೧. ಇಂಗ್ಲಿಷ್ ನಮ್ಮಲ್ಲಿಗೆ ಬಂದ ದಾರಿ

ಹೊಸನಗರ ತಾಲ್ಲೂಕಿನ ನಗರ, ಎಂದರೆ ಹಿಂದಿನ ಬಿದನೂರು, ಕೆಳದಿಯ ಅರಸರ ಕೊನೆಯ ರಾಜಧಾನಿ. ೧೭೬೩ರಲ್ಲಿ ಅದು ಹೈದರಾಲಿಯ ವಶವಾಯಿತು. ೧೭೮೩ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸನ ಸೈನ್ಯ ಕರಾವಳಿಯಿಂದ ಹೊಸಂಗಡಿ ಘಟ್ಟವನ್ನೇರಿ ಬಂದು ಬಿದನೂರನ್ನು ಹಿಡಿಯಿತು. ಅದೇ ವರ್ಷದ ಬೇಸಗೆಯಲ್ಲಿ ಟಿಪ್ಪು ಸುಲ್ತಾನನು ಮುತ್ತಿಗೆ ಹಾಕಿ ಅದನ್ನು ಮರಳಿ ಪಡೆದನು. ಹೀಗೆ ಈ ಸೀಮೆಗೂ ಇಂಗ್ಲಿಷ್ ಮಾತನಾಡುವವರಿಗೂ ಆದ ಮೊದಲ ದೊಡ್ಡ ಭೇಟಿ ಕೆಲವೇ ತಿಂಗಳುಗಳದು, ಅದೂ ಯುದ್ಧದ್ದು. ಸಂಭಾಷಣೆಗೆ ಅದರಲ್ಲಿ ಎಡೆಯಿರಲಿಲ್ಲ. ಮುಂದೆ ೧೮೦೧ರಲ್ಲಿ ಫ್ರಾನ್ಸಿಸ್ ಬುಕಾನನ್ ಇದೇ ಪ್ರಾಂತದಲ್ಲಿ ಸಂಚರಿಸಿ ಬೆಳೆ, ವ್ಯಾಪಾರ, ಜನಜೀವನಗಳನ್ನು ವಿಚಾರಿಸಿ ಬರೆದುಕೊಂಡನು. ಅವನು ಕೇಳಿದುದೂ ರೈತರು ಹೇಳಿದುದೂ ದುಭಾಷಿಗಳ ಬಾಯಿಂದ ದಾಟಿ ಬಂದವು.

ಭಾಷೆಯನ್ನು ಕಲಿಯುವ ಶ್ರಮ ಆ ಕಾಲದಲ್ಲಿ ಮುಖ್ಯವಾಗಿ ಇಂಗ್ಲಿಷರದಾಗಿತ್ತೆಂಬುದನ್ನು ನಾವು ಈಗ ಮರೆತಿದ್ದೇವೆ. ಕಂಪನಿಯ ಅಧಿಕಾರಿಗಳಿಗೆ ದಕ್ಷಿಣದ ಭಾಷೆಗಳನ್ನು ಕಲಿಸುವುದಕ್ಕಾಗಿ ೧೮೧೨ರಲ್ಲಿ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಏರ್ಪಟ್ಟಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ೧೮೧೭ರಲ್ಲಿ ಶ್ರೀರಾಂಪುರದಲ್ಲಿ ಅಚ್ಚಾಯಿತು; ಮೆಕೆರೆಲನ ವ್ಯಾಕರಣ ೧೮೨೦ರಲ್ಲಿ ಮದರಾಸಿನಲ್ಲಿ ಬಂದಿತು. ವಿಲಿಯಂ ರೀವನ ನಿಘಂಟುಗಳು ೧೮೨೪ ಮತ್ತು ೧೮೩೨ರವು. ಇವು ಬಹುಮಟ್ಟಿಗೆ ಕನ್ನಡಿಗರೊಡನೆ ಮಾತನಾಡಬೇಕಾಗಿದ್ದ ಪರದೇಶಿಯರ ಅನುಕೂಲಕ್ಕಾಗಿ ಹುಟ್ಟಿದ ಗ್ರಂಥಗಳು.

ಕಲಿಯುವವರ ಸ್ಥಾನ ಬದಲಾದುದು ನಿಧಾನವಾಗಿ. ೧೮೩೦–೩೧ರ ನಗರದ ದಂಗೆಯ ತರುವಾಯ ೧೮೩೧ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಗೆ ಹೋಯಿತು. ರಾಜ್ಯವನ್ನು ವಿಂಗಡಿಸಿದ ನಾಲ್ಕು ಭಾಗಗಳಲ್ಲಿ ನಗರವೂ ಒಂದಾಯಿತು. ೧೮೩೩ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆಯನ್ನು ಸ್ಥಾಪಿಸಿದರು. ೧೮೫೪ರ ವುಡ್ಡನ ವಿದ್ಯಾಶಾಸನದ ನಂತರ ೧೮೫೭ರಲ್ಲಿ ಮೈಸೂರಿನಲ್ಲಿ ವಿದ್ಯಾ ಇಲಾಖೆ ಪ್ರಾರಂಭವಾಯಿತು. ಅಲ್ಲಿಂದ ಮುಂದೆ ಇಂಗ್ಲಿಷ್ ಕಲಿಯುವ ಭಾರ ನಮ್ಮ ಮೇಲೆ ಬಿದ್ದಿತು.

ಆದರೆ ಹಳ್ಳಿಗೆ ಇಂಗ್ಲಿಷ್ ಬಂದುದು ಮಾತಿನ ರೂಪದಲ್ಲಲ್ಲ, ಕಾಗದದ ರೂಪದಲ್ಲಿ. ಸರಕಾರಿ ಪತ್ರದ ಕೊನೆಯಲ್ಲಿ ಅಧಿಕಾರಿಯು ತನ್ನನ್ನು “ಯುವರ್ ಮೋಸ್ಟ್ ಒಬೀಡಿಯಂಟ್ ಸರ್ವೆಂಟ್” ಎಂದು ಕರೆದುಕೊಳ್ಳುತ್ತಿದ್ದನು. ಅದರ ನೆರಳು ನಮ್ಮ ಶಾಲಾಬಾಲಕನ ರಜೆಯ ಅರ್ಜಿಯಲ್ಲಿ “ಇಂತಿ ತಮ್ಮ ವಿಧೇಯ ವಿದ್ಯಾರ್ಥಿ” ಎಂದು ಇಂದಿಗೂ ಉಳಿದಿದೆ. “ಉಭಯಕುಶಲೋಪರಿ ಸಾಂಪ್ರತ” ಎಂದು ಪ್ರಾರಂಭವಾಗುತ್ತಿದ್ದ ಓಲೆಯ ಬದಲಿಗೆ “ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ” ಎಂಬ ಕಚೇರಿಯ ಶೈಲಿ ಬಂದಿತು. ಅದರ ಜೊತೆಗೆ ಬಂದವು ನಾಮಪದಗಳು: ಕೋರ್ಟು, ನೋಟೀಸು, ಅಪೀಲು, ಬಸ್ಸು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ನೀರು ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಹಳ್ಳಿಗಳನ್ನು ಮುಳುಗಿಸಿದಾಗ ಸರ್ವೆ, ಪ್ರಾಜೆಕ್ಟು, ಅವಾರ್ಡು ಎಂಬ ಮಾತುಗಳನ್ನು ಅಕ್ಷರ ಬಾರದ ಹಿರಿಯರೂ ಆಡಿದರು. ಪದಗಳು ಬಂದವು; ಪದಗಳನ್ನು ಕೂಡಿಸಿ ಮನುಷ್ಯ ಮನುಷ್ಯನೊಡನೆ ಆಡುವ ಉಪಚಾರದ ಮಾತು ಬರಲಿಲ್ಲ. ದೋಷವಿಲ್ಲದ ಅರ್ಜಿಯನ್ನು ಬರೆಯಬಲ್ಲ ನಮ್ಮ ವಿದ್ಯಾರ್ಥಿ ಗ್ರಂಥಾಲಯದಲ್ಲಿ ಒಂದು ಪುಸ್ತಕವನ್ನು ಬಾಯಿಬಿಟ್ಟು ಕೇಳಲು ತಡವರಿಸುವುದಕ್ಕೆ ಇದೊಂದು ಮುಖ್ಯ ಕಾರಣವೆಂದು ನಾವು ತಿಳಿಯುತ್ತೇವೆ.

೨. ಮರ್ಯಾದೆ ಎಲ್ಲಿ ನೆಲೆಸಿದೆ?

ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಕೊನೆಯಲ್ಲಿ ನೆಲೆಸಿದೆ. “ಬಾ” ಎಂಬುದು “ಬನ್ನಿ” ಆದೊಡನೆ ಗೌರವ ತಾನಾಗಿ ಬರುತ್ತದೆ. ನೀನು, ನೀವು, ತಾವು ಎಂಬ ಮೂರು ಮೆಟ್ಟಿಲುಗಳು ಬೇರೆ. ಈ ಕಾರಣದಿಂದಲೇ ನಮ್ಮ ಆಡುಮಾತಿನಲ್ಲಿ “ಪ್ಲೀಸ್” ಎಂಬುದಕ್ಕೆ ಸಮನಾದ ಪದ ಬೆಳೆಯಲಿಲ್ಲ. “ದಯವಿಟ್ಟು” ಎಂಬುದು ಬರಹದ ಮಾತು, ಫಲಕದ ಮಾತು. ಮನೆಯಲ್ಲಿ ಅತ್ತಿಗೆಯನ್ನು “ದಯವಿಟ್ಟು ನೀರು ಕೊಡಿ” ಎಂದು ಕೇಳಿದರೆ ಅವರು ಮುನಿಸಿಕೊಂಡರೂ ಆಶ್ಚರ್ಯವಿಲ್ಲ.

ಇಂಗ್ಲಿಷಿನಲ್ಲಿಯೂ ಒಂದು ಕಾಲಕ್ಕೆ “ದೌ” ಎಂಬ ಏಕವಚನವೂ “ಯು” ಎಂಬ ಬಹುವಚನವೂ ಬೇರೆ ಬೇರೆಯಾಗಿದ್ದವು. ಗೌರವಾರ್ಥದಲ್ಲಿ ಒಬ್ಬನಿಗೇ “ಯು” ಎನ್ನುವ ರೂಢಿ ಬೆಳೆದು, ಹದಿನೇಳನೆಯ ಶತಮಾನದ ಹೊತ್ತಿಗೆ ಶಿಷ್ಟಬಳಕೆಯಿಂದ “ದೌ” ಬಹುಮಟ್ಟಿಗೆ ಮರೆಯಾಯಿತು. ಎಲ್ಲರಿಗೂ “ಯು” ಎಂದ ಮೇಲೆ ಸರ್ವನಾಮದಿಂದ ಗೌರವವನ್ನು ತೋರಿಸುವ ದಾರಿ ಮುಚ್ಚಿತು. ಆ ಕೆಲಸವನ್ನು ಈಗ ವಾಕ್ಯದ ರಚನೆಯೇ ಮಾಡಬೇಕು. “ಕುಡ್ ಯು”, “ವುಡ್ ಯು”, “ಮೇ ಐ”, “ಪ್ಲೀಸ್” ಮೊದಲಾದವು ಕೇವಲ ಅಲಂಕಾರಗಳಲ್ಲ. ನಮ್ಮ “-ರಿ” ಪ್ರತ್ಯಯ ಮಾಡುವ ಕೆಲಸವನ್ನು ಅವು ಮಾಡುತ್ತವೆ.

ಇದು ತಿಳಿಯದೆ ಹೋದರೆ ಏನಾಗುತ್ತದೆ? “ಆ ರಿಜಿಸ್ಟರ್ ಕೊಡಿ ಸಾರ್” ಎಂಬ ವಿನಯದ ಮಾತನ್ನು ವಿದ್ಯಾರ್ಥಿಯು “ಗಿವ್ ದಟ್ ರಿಜಿಸ್ಟರ್, ಸಾರ್” ಎನ್ನುತ್ತಾನೆ. “ಕೊಡಿ” ಎಂಬಲ್ಲಿದ್ದ ಗೌರವ “ಗಿವ್” ಎಂಬಲ್ಲಿ ಇಲ್ಲ. ಕೇಳಿದವರಿಗೆ ಅದು ಅಪ್ಪಣೆಯಂತೆ ತೋರುತ್ತದೆ. “ಸಾರ್” ಎಂಬುದು ಅದನ್ನು ಮೃದುಗೊಳಿಸಲಾರದು. “ಕುಡ್ ಐ ಸೀ ದಟ್ ರಿಜಿಸ್ಟರ್, ಪ್ಲೀಸ್?” ಎಂದರೆ ಸಾಕು. ಇಲ್ಲಿ “ಸಾರ್” ಇಲ್ಲದಿದ್ದರೂ ಮರ್ಯಾದೆಗೆ ಕೊರತೆಯಿಲ್ಲ.

“ಕುಡ್”, “ವುಡ್” ಎಂಬ ಭೂತಕಾಲದ ರೂಪಗಳು ವರ್ತಮಾನದ ಕೋರಿಕೆಯಲ್ಲಿ ಏಕೆ ಬರುತ್ತವೆಂದು ವಿದ್ಯಾರ್ಥಿಗಳು ಪದೇ ಪದೇ ಕೇಳುತ್ತಾರೆ. ಇದನ್ನು ಅವರಿಗೆ ಕನ್ನಡದಿಂದಲೇ ವಿವರಿಸಬಹುದು. ಅಂಗಡಿಗೆ ಹೋದ ನಾವು “ಎರಡು ಸೇರು ಅಕ್ಕಿ ಬೇಕಾಗಿತ್ತು” ಎನ್ನುತ್ತೇವೆ. ಅಕ್ಕಿ ಬೇಕಾಗಿರುವುದು ಈಗ, ಆದರೂ ಭೂತಕಾಲ. ಹಿರಿಯರ ಎದುರಿಗೆ “ತಮ್ಮಲ್ಲಿ ಒಂದು ಮಾತು ಕೇಳಬೇಕಿತ್ತು” ಎನ್ನುತ್ತೇವೆ. ಬೇಡಿಕೆಯನ್ನು ಕಾಲದಲ್ಲಿ ಒಂದು ಹೆಜ್ಜೆ ಹಿಂದಕ್ಕೆ ಸರಿಸಿದರೆ ಎದುರಿನವರ ಮೇಲಿನ ಒತ್ತಡ ಕಡಮೆಯಾಗುತ್ತದೆ. “ಐ ವಾಂಟೆಡ್ ಟು ಆಸ್ಕ್ ಯು ಸಮ್‌ಥಿಂಗ್” ಎಂಬುದೂ ಅದೇ. ಹಾಗೆಯೇ “ಸ್ವಲ್ಪ ಆ ಕಿಟಕಿ ಮುಚ್ಚಿ” ಎಂಬಲ್ಲಿನ “ಸ್ವಲ್ಪ” ಎಂಬುದು ಪರಿಮಾಣವಾಚಕವಲ್ಲ. ಕಿಟಕಿಯನ್ನು ಅರ್ಧ ಮುಚ್ಚಿರೆಂದು ಅದರ ಅರ್ಥವಲ್ಲ. ಅದು ಕೋರಿಕೆಯನ್ನು ಹಗುರಗೊಳಿಸುವ ಪದ. ಆದುದರಿಂದ ಅದನ್ನು “ಎ ಲಿಟ್ಲ್” ಎಂದು ಭಾಷಾಂತರಿಸದೆ “ಕುಡ್ ಯು” ಎಂದು ತಿರುಗಿಸಬೇಕು.

೩. ಕೆಲವು ನಿತ್ಯವಾಕ್ಯಗಳು ಮತ್ತು ಅವುಗಳ ಬಳಕೆ

“ಗುಡ್ ಮಾರ್ನಿಂಗ್” ಎಂಬುದು ನಿಮಗೆ ಶುಭೋದಯವನ್ನು ಹಾರೈಸುತ್ತೇನೆ ಎಂಬ ದೀರ್ಘವಾಕ್ಯದ ಸಂಕ್ಷೇಪ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳೆಲ್ಲ ಎದ್ದು ನಿಂತು ಒಂದೇ ರಾಗದಲ್ಲಿ ಇದನ್ನು ಹೇಳುವುದನ್ನು ಎಲ್ಲರೂ ಬಲ್ಲರು. ಅಲ್ಲಿ ಅದು ಹಾರೈಕೆಯಾಗಿ ಉಳಿಯದೆ ಘೋಷವಾಗಿದೆ. ದೊಡ್ಡವರಾದ ಮೇಲೂ ಆ ರಾಗ ಬಿಡದವರುಂಟು. “ಗುಡ್ ನೈಟ್” ಎಂಬುದನ್ನು ಭೇಟಿಯ ಆರಂಭದಲ್ಲಿ ಹೇಳಬಾರದು. ರಾತ್ರಿ ಎಂಟು ಗಂಟೆಗೆ ಭೇಟಿಯಾದರೂ “ಗುಡ್ ಈವ್ನಿಂಗ್” ಎಂದೇ ಹೇಳಬೇಕು. “ಗುಡ್ ನೈಟ್” ಬೀಳ್ಕೊಡುವಾಗಿನ ಮಾತು.

“ಹೌ ಡು ಯು ಡು?” ಎಂಬುದು ಪ್ರಶ್ನೆಯ ರೂಪದಲ್ಲಿದ್ದರೂ ಪ್ರಶ್ನೆಯಲ್ಲ. ಮೊದಲ ಪರಿಚಯದಲ್ಲಿ ಒಬ್ಬರು ಅದನ್ನು ಹೇಳಿದರೆ ಇನ್ನೊಬ್ಬರು ಅದನ್ನೇ ಮರಳಿ ಹೇಳುವುದು ಹಿಂದಿನ ಸಂಪ್ರದಾಯ. ಈಗ ಅದರ ಬಳಕೆ ಕಡಮೆಯಾಗಿದೆ. “ಹೌ ಆರ್ ಯು?” ಎಂಬುದಕ್ಕೆ “ಫೈನ್, ಥ್ಯಾಂಕ್ ಯು” ಎಂಬಷ್ಟು ಉತ್ತರ ಸಾಕು. ನಮ್ಮಲ್ಲಿ ದಾರಿಯಲ್ಲಿ ಸಿಕ್ಕವರನ್ನು “ಊಟ ಆಯ್ತಾ?” ಎಂದು ಕೇಳುವುದೂ ಇಂತಹುದೇ. ಕೇಳಿದವರು ಊಟದ ವಿವರವನ್ನು ಅಪೇಕ್ಷಿಸುವುದಿಲ್ಲ. ಆದರೆ ಅದನ್ನು ಹಾಗೆಯೇ ಇಂಗ್ಲಿಷಿಗೆ ತಿರುಗಿಸಿ ಪರದೇಶಿಯೊಬ್ಬರನ್ನು ಕೇಳಿದರೆ ಅವರು ಊಟದ ಆಮಂತ್ರಣವೆಂದು ಭಾವಿಸಬಹುದು.

“ಥ್ಯಾಂಕ್” ಎಂಬುದೂ “ಥಿಂಕ್” ಎಂಬುದೂ ಒಂದೇ ಮೂಲದಿಂದ ಹುಟ್ಟಿದವು. ನೆನೆಯುವುದೇ ಅದರ ಮೂಲಭಾವ. ನಮ್ಮ “ಉಪಕಾರಸ್ಮರಣೆ” ಎಂಬ ಪದ ಅದಕ್ಕೆ ಎಷ್ಟು ಹತ್ತಿರವಾಗಿದೆಯೆಂಬುದು ಗಮನಾರ್ಹ. ಆದರೆ ನಮ್ಮಲ್ಲಿ ಸ್ಮರಣೆ ಮನಸ್ಸಿನದು. ನೀರು ಕೊಟ್ಟ ತಂಗಿಗೆ, ದಾರಿ ತೋರಿಸಿದ ನೆರೆಯವನಿಗೆ ಬಾಯಿಬಿಟ್ಟು ಧನ್ಯವಾದ ಹೇಳುವ ರೂಢಿಯಿಲ್ಲ. ದೊಡ್ಡ ಉಪಕಾರಕ್ಕೆ “ದೇವರು ಒಳ್ಳೆಯದು ಮಾಡಲಿ” ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಚಿಕ್ಕ ಉಪಕಾರಕ್ಕೂ ಬಾಯಿಮಾತಿನ ಸಲ್ಲಿಕೆ ಬೇಕು. ಹೇಳದಿದ್ದರೆ ಕೃತಘ್ನತೆಯೆಂದು ಎಣಿಸುತ್ತಾರೆ. ನಮ್ಮ ಹುಡುಗರ ಮೌನ ಸಂಕೋಚದ್ದು, ಕೃತಘ್ನತೆಯದಲ್ಲ. ಆದರೆ ಕೇಳುವವರಿಗೆ ಅದು ತಿಳಿಯುವುದು ಹೇಗೆ? ಥ್ಯಾಂಕ್ಸ್ ಹೇಳಿದವರಿಗೆ “ನಾಟ್ ಅಟ್ ಆಲ್” ಅಥವಾ “ಯು ಆರ್ ವೆಲ್ಕಮ್” ಎನ್ನಬೇಕು. ನಮ್ಮ “ಅದಕ್ಕೇನಂತೆ”, “ಇರಲಿ ಬಿಡಿ” ಎಂಬವು ಇದಕ್ಕೆ ಸಮಾನ.

“ಎಕ್ಸ್‌ಕ್ಯೂಸ್ ಮಿ”, “ಸಾರಿ”, “ಪಾರ್ಡನ್” ಎಂಬ ಮೂರಕ್ಕೂ ನಾವು “ಕ್ಷಮಿಸಿ” ಎಂದು ಅರ್ಥ ಬರೆಸುತ್ತೇವೆ. ಗೊಂದಲಕ್ಕೆ ಇದೇ ಮೂಲ. ತೊಂದರೆ ಕೊಡುವುದಕ್ಕೆ ಮುಂಚೆ ಹೇಳುವುದು “ಎಕ್ಸ್‌ಕ್ಯೂಸ್ ಮಿ”: ದಾರಿ ಬಿಡಿಸಿಕೊಳ್ಳುವಾಗ, ಮಾತಿನ ನಡುವೆ ಪ್ರವೇಶಿಸುವಾಗ, ಅಪರಿಚಿತರನ್ನು ಕರೆಯುವಾಗ. ತೊಂದರೆ ಕೊಟ್ಟ ಮೇಲೆ ಹೇಳುವುದು “ಸಾರಿ”. ಈ ಪದ ನೋವು ಎಂಬರ್ಥದ “ಸೋರ್” ಎಂಬುದರ ಬಂಧು. ಕೆಟ್ಟ ಸುದ್ದಿಯನ್ನು ಕೇಳಿದಾಗಲೂ “ಐ ಆಮ್ ಸಾರಿ” ಎನ್ನುವುದು ಈ ಕಾರಣದಿಂದ. ಅಲ್ಲಿ ತಪ್ಪೊಪ್ಪಿಗೆಯಿಲ್ಲ, ಸಂತಾಪವಿದೆ. ಹೇಳಿದುದು ಕೇಳಿಸದಿದ್ದಾಗ “ಪಾರ್ಡನ್?” ಅಥವಾ ಪ್ರಶ್ನೆಯ ಧ್ವನಿಯಲ್ಲಿ “ಸಾರಿ?” ಎನ್ನಬೇಕು. ನಾವು “ಆಂ?” ಎನ್ನುವ ಕಡೆ ಬರಿಯ “ವಾಟ್?” ಎಂದರೆ ಅದು ಒರಟಾಗುತ್ತದೆ.

“ಐ ಆಮ್ ಅಫ್ರೇಡ್” ಎಂಬುದರ ಪದಶಃ ಅರ್ಥ ಹೆದರಿಕೆ. “ಐ ಆಮ್ ಅಫ್ರೇಡ್ ದಿ ಲೈಬ್ರರಿ ಈಸ್ ಕ್ಲೋಸ್ಡ್” ಎಂದು ಹೇಳಿದವರು ಯಾವುದಕ್ಕೂ ಹೆದರಿಲ್ಲ. ಅಪ್ರಿಯವಾದುದನ್ನು ಹೇಳುವ ಮೊದಲು ವಿಷಾದವನ್ನು ಸೂಚಿಸುವ ಪೀಠಿಕೆ ಅದು. “ಇಲ್ಲ” ಎಂದು ನೇರವಾಗಿ ಹೇಳಲಾರದೆ ನಮ್ಮವರು “ನೋಡೋಣ ಮಾರಾಯ್ರೆ, ಕಷ್ಟ” ಎನ್ನುವ ಬಗೆಯನ್ನು ಇದಕ್ಕೆ ಹೋಲಿಸಬಹುದು.

“ಪರವಾಗಿಲ್ಲ” ಎಂಬ ನಮ್ಮ ಒಂದು ಮಾತು ಇಂಗ್ಲಿಷಿನಲ್ಲಿ ಹಲವಾಗಿ ಒಡೆಯುತ್ತದೆ. ಕ್ಷಮೆ ಕೇಳಿದವರಿಗೆ “ದಟ್ಸ್ ಆಲ್ ರೈಟ್”. ಆಗದ ಕೆಲಸವನ್ನು ಬಿಟ್ಟುಬಿಡಿ ಎನ್ನುವಾಗ “ನೆವರ್ ಮೈಂಡ್”. ನಾಟಕ ಹೇಗಿತ್ತೆಂದು ಕೇಳಿದಾಗ “ನಾಟ್ ಬ್ಯಾಡ್”. ಒಂದರ ಸ್ಥಾನದಲ್ಲಿ ಇನ್ನೊಂದು ಸಲ್ಲದು.

ದೂರವಾಣಿಯ “ಹಲೋ” ಬಹು ಹಳೆಯದಲ್ಲ. ೧೮೭೭ರಲ್ಲಿ ಥಾಮಸ್ ಎಡಿಸನ್ ದೂರವಾಣಿಯ ಕರೆಗೆ ಈ ಪದವನ್ನು ಸೂಚಿಸಿದನು. ಬೆಲ್ ಮಹಾಶಯನಿಗೆ ನಾವಿಕರ “ಅಹೋಯ್” ಎಂಬ ಕೂಗು ಮೆಚ್ಚುಗೆಯಾಗಿತ್ತು. ಕರೆಯನ್ನು ಸ್ವೀಕರಿಸಿ ನಾವು “ಹೇಳಿ” ಎನ್ನುವುದು ಸೌಜನ್ಯವೇ ಆದರೂ “ಟೆಲ್ ಮಿ” ಎಂದರೆ ಬಿರುಸಾಗಿ ಕೇಳುತ್ತದೆ. “ಹೌ ಕ್ಯಾನ್ ಐ ಹೆಲ್ಪ್ ಯು?” ಎಂಬುದು ಆ ಸ್ಥಾನಕ್ಕೆ ಯೋಗ್ಯ.

೪. ಹೌದು ಮತ್ತು ಇಲ್ಲ

ಆರಂಭದಲ್ಲಿ ಹೇಳಿದ ಪ್ರಸಂಗಕ್ಕೆ ಈಗ ಮರಳಬಹುದು. ನಿಷೇಧರೂಪದ ಪ್ರಶ್ನೆಗೆ ಕನ್ನಡಿಗನು ಉತ್ತರಿಸುವಾಗ ಪ್ರಶ್ನೆ ಕೇಳಿದವರ ಊಹೆಯನ್ನು ಒಪ್ಪುತ್ತಾನೆ ಅಥವಾ ಅಲ್ಲಗಳೆಯುತ್ತಾನೆ. “ನೀವು ನಿನ್ನೆ ಬರಲಿಲ್ಲವೇ?” ಎಂದರೆ, ನಿಮ್ಮ ಊಹೆ ಸರಿ ಎಂಬರ್ಥದಲ್ಲಿ “ಹೌದು, ಬರಲಿಲ್ಲ” ಎನ್ನುತ್ತಾನೆ. ಇಂಗ್ಲಿಷಿನವನು ಊಹೆಯನ್ನು ಗಮನಿಸುವುದಿಲ್ಲ. ನಡೆದ ಸಂಗತಿಯನ್ನು ಮಾತ್ರ ನೋಡುತ್ತಾನೆ. ಬಂದಿದ್ದರೆ “ಯೆಸ್”, ಬರದಿದ್ದರೆ “ನೋ”. ಪ್ರಶ್ನೆ ಯಾವ ರೂಪದಲ್ಲಿದ್ದರೂ ಉತ್ತರ ಬದಲಾಗದು.

ಇದಕ್ಕೆ ನಾವು ವಿದ್ಯಾರ್ಥಿಗಳಿಗೆ ಹೇಳುವ ಉಪಾಯ ಸುಲಭವಾದುದು: “ಯೆಸ್” ಅಥವಾ “ನೋ” ಎಂದು ಮಾತ್ರ ಹೇಳಿ ನಿಲ್ಲಿಸಬೇಡಿ, ಕ್ರಿಯಾಪದವನ್ನೂ ಸೇರಿಸಿರಿ. “ನೋ, ಐ ಡಿಡಂಟ್” ಅಥವಾ “ಯೆಸ್, ಐ ಡಿಡ್” ಎಂದರೆ ಸಂದೇಹಕ್ಕೆ ಎಡೆಯಿಲ್ಲ. “ಯೆಸ್, ಐ ಡಿಡಂಟ್” ಎಂದು ಬಾಯಿತಪ್ಪಿ ಬಂದರೂ ಕೇಳಿದವರು ಮತ್ತೊಮ್ಮೆ ಕೇಳಿಯಾರು. ಒಂಟಿ “ಯೆಸ್” ಆದರೆ ಕೇಳದೆಯೇ ತೀರ್ಮಾನಕ್ಕೆ ಬರುತ್ತಾರೆ. ಆ ನಮ್ಮ ವಿದ್ಯಾರ್ಥಿಯ ವಿಷಯದಲ್ಲಿ ಆದುದು ಅದೇ.

“ವುಡ್ ಯು ಮೈಂಡ್”, “ಡು ಯು ಮೈಂಡ್” ಎಂಬ ಪ್ರಶ್ನೆಗಳೂ ಇದೇ ಜಾತಿಯವು. “ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್?” ಎಂದರೆ ನಾನು ಇಲ್ಲಿ ಕುಳಿತರೆ ನಿಮಗೆ ಅಭ್ಯಂತರವುಂಟೇ ಎಂದು ಅರ್ಥ. ಆದರದಿಂದ “ಯೆಸ್, ಯೆಸ್” ಎಂದರೆ ಅಭ್ಯಂತರವುಂಟೆಂದು ಹೇಳಿದಂತಾಯಿತು. “ನಾಟ್ ಅಟ್ ಆಲ್, ಪ್ಲೀಸ್ ಡು” ಎಂಬುದೇ ತಕ್ಕ ಉತ್ತರ.

೫. ಆತಿಥ್ಯ, ಹೆಸರು, ಬೀಳ್ಕೊಡುಗೆ

ಮಲೆನಾಡಿನ ಮನೆಗೆ ಬಂದವರನ್ನು ಮೊದಲು “ಆಸರಿಗೆ ಏನು ಬೇಕು?” ಎಂದು ಕೇಳುವುದು ವಾಡಿಕೆ. ಬಂದವರು “ಏನೂ ಬೇಡ” ಎನ್ನುವುದೂ ವಾಡಿಕೆಯೇ. ಮನೆಯವರು ಎರಡನೆಯ ಸಲ, ಮೂರನೆಯ ಸಲ ಒತ್ತಾಯಿಸಿದ ಮೇಲೆ ಒಪ್ಪಿಕೊಳ್ಳುವುದು ಗೌರವ. ಇಂಗ್ಲಿಷಿನಲ್ಲಿ “ನೋ, ಥ್ಯಾಂಕ್ ಯು” ಎಂಬುದು ಸಾಮಾನ್ಯವಾಗಿ ಕೊನೆಯ ಮಾತು. ಎರಡನೆಯ ಸಲ ಕೇಳುವುದನ್ನು ಒತ್ತಡವೆಂದು ತಿಳಿಯುವವರುಂಟು. ನಮ್ಮ ಸಂಪ್ರದಾಯವನ್ನು ನಂಬಿ ಮೊದಲ ಸಲ ಬೇಡವೆಂದವನು ಕಾಫಿಯಿಲ್ಲದೆ ಮರಳಬೇಕಾಗುತ್ತದೆ. ಬೇಕಾಗಿದ್ದರೆ ಮೊದಲೇ “ಯೆಸ್, ಪ್ಲೀಸ್” ಎನ್ನುವುದರಲ್ಲಿ ಸಂಕೋಚವಿಲ್ಲ.

ಪರಿಚಯ ಹೇಳಿಕೊಳ್ಳುವಾಗ “ಮೈಸೆಲ್ಫ್ ರಮೇಶ್” ಎಂಬ ಪ್ರಯೋಗ ನಮ್ಮಲ್ಲಿ ಬಹಳ ಹಬ್ಬಿದೆ. “ಐ ಆಮ್ ರಮೇಶ್” ಅಥವಾ “ಮೈ ನೇಮ್ ಈಸ್ ರಮೇಶ್” ಎಂಬುದು ಶಿಷ್ಟ. “ಗುಡ್ ನೇಮ್” ಎಂಬುದು ಹಿಂದಿಯ “ಶುಭನಾಮ”ದ ಅನುವಾದ; “ನೇಮ್” ಎಂದರೆ ಸಾಕು. ಹೆಸರಿನ ಮುಂದೆ “ಸಾರ್” ಸೇರಿಸುವುದು ನಮ್ಮ ದೇಶದ ಬಳಕೆ. ಇಂಗ್ಲೆಂಡಿನಲ್ಲಿ “ಸರ್” ಹೆಸರಿನ ಹಿಂದೆ ಬಂದರೆ ಅದು ಪದವಿ. ಒಂಟಿಯಾಗಿ ಬಂದರೆ ಗೌರವದ ಸಂಬೋಧನೆ. ಅಲ್ಲಿಯ ವಿದ್ವಾಂಸರಿಗೆ ಬರೆಯುವಾಗ “ಪ್ರೊಫೆಸರ್” ಅಥವಾ “ಡಾಕ್ಟರ್” ಎಂದು ಅವರ ಮನೆತನದ ಹೆಸರಿಗೆ ಸೇರಿಸುವುದು ಕ್ರಮ.

ಮನೆತನದ ಹೆಸರು ಎಂದೊಡನೆ ನಮ್ಮವರಿಗೆ ಇನ್ನೊಂದು ತೊಡಕು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲನೆಯದು ಊರು, ಎರಡನೆಯದು ತಂದೆಯ ಹೆಸರು, ಮೂರನೆಯದು ಸ್ವಂತ ಹೆಸರು. ಮನೆತನದ ಹೆಸರೇ ಇಲ್ಲ. “ವಾಟ್ ಈಸ್ ಯುವರ್ ಸರ್‌ನೇಮ್?” ಎಂದು ಕೇಳಿದಾಗ ತಬ್ಬಿಬ್ಬಾಗದೆ, ನಮ್ಮಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಮುಂದಿಟ್ಟುಕೊಳ್ಳುವ ಪದ್ಧತಿಯಿದೆಯೆಂದು ವಿವರಿಸಬಹುದು. ಅದರಲ್ಲಿ ನಾಚಿಕೆಪಡುವಂತಹುದು ಏನೂ ಇಲ್ಲ.

ಹೊರಡುವಾಗ “ಹೋಗುತ್ತೇನೆ” ಎನ್ನುವುದು ನಮ್ಮಲ್ಲಿ ಅಶುಭ, “ಬರುತ್ತೇನೆ” ಎನ್ನಬೇಕು. ಅದನ್ನು “ಐ ಆಮ್ ಕಮಿಂಗ್” ಎಂದು ತಿರುಗಿಸಿ ಬಾಗಿಲ ಕಡೆಗೆ ನಡೆದರೆ ನೋಡುವವರಿಗೆ ವಿಸ್ಮಯವಾಗುತ್ತದೆ. “ಐ ಶುಡ್ ಬಿ ಗೋಯಿಂಗ್ ನೌ, ಸೀ ಯು ಟುಮಾರೊ” ಎನ್ನಬಹುದು. “ಗುಡ್‌ಬೈ” ಎಂಬುದಾದರೋ ದೇವರು ನಿಮ್ಮೊಡನಿರಲಿ ಎಂಬರ್ಥದ “ಗಾಡ್ ಬಿ ವಿತ್ ಯಿ” ಎಂಬುದು ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ ಸವೆದು ಕುಗ್ಗಿದ ರೂಪ. ಎರಡು ಭಾಷೆಗಳೂ ಅಗಲಿಕೆಯ ಗಳಿಗೆಯಲ್ಲಿ ಒಂದೇ ಅಳುಕನ್ನು ಬೇರೆ ಬೇರೆ ಬಗೆಯಲ್ಲಿ ಸಮಾಧಾನಗೊಳಿಸಿಕೊಂಡಿವೆ.

೬. ಅಧ್ಯಾಪಕರಲ್ಲಿ ಒಂದು ವಿಜ್ಞಾಪನೆ

ಇಂಗ್ಲಿಷ್ ಕಲಿಕೆಯ ಅವಕಾಶ ಈಗ ಮೊದಲಿಗಿಂತ ಹೆಚ್ಚಾಗಿದೆ. ೨೦೦೭ರಿಂದ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಅದನ್ನು ವಿಷಯವಾಗಿ ಕಲಿಸಲಾಗುತ್ತಿದೆ. ಆದರೂ ಪದವಿ ತರಗತಿಗೆ ಬಂದ ಹಳ್ಳಿಯ ವಿದ್ಯಾರ್ಥಿಯು ಸಂಭಾಷಣೆಯಲ್ಲಿ ಹಿಂಜರಿಯುವುದನ್ನು ನಾವು ವರ್ಷವರ್ಷವೂ ಕಾಣುತ್ತೇವೆ. ಇತಿಹಾಸದ ವಿದ್ಯಾರ್ಥಿಗಂತೂ ಇದರಿಂದ ನೇರವಾದ ನಷ್ಟವಿದೆ. ನಗರದ ಕೋಟೆಯನ್ನೂ ಇಕ್ಕೇರಿಯ ದೇವಾಲಯವನ್ನೂ ಬಾಲ್ಯದಿಂದ ನೋಡಿದವನು ಅವನು. ಕೆಳದಿಯ ವಸ್ತುಸಂಗ್ರಹಾಲಯದ ಓಲೆಗರಿಗಳಲ್ಲಿನ ಭಾಷೆ ಅವನ ಮನೆಯ ಭಾಷೆ. ಹೊರಗಿನ ವಿದ್ವಾಂಸರು ವರ್ಷಗಟ್ಟಲೆ ಶ್ರಮಿಸಿ ಪಡೆಯಬೇಕಾದುದು ಅವನಿಗೆ ಹುಟ್ಟಿನಿಂದ ಬಂದಿದೆ. ವಿಚಾರಸಂಕಿರಣದಲ್ಲಿ ಎದ್ದು ನಿಂತು “ಮೇ ಐ ಆಡ್ ಸಮ್‌ಥಿಂಗ್?” ಎಂಬ ಒಂದು ವಾಕ್ಯ ಬಾರದುದರಿಂದ ಅದೆಲ್ಲವೂ ಅವನ ಮನಸ್ಸಿನಲ್ಲಿಯೇ ಉಳಿದುಹೋಗಬಾರದು.

ನಾವು ನಮ್ಮ ತರಗತಿಗಳಲ್ಲಿ ಅನುಸರಿಸುತ್ತಿರುವ ಕ್ರಮವನ್ನು ಇಲ್ಲಿ ಸೂಚಿಸುತ್ತೇವೆ. ವಾಕ್ಯಗಳ ಪಟ್ಟಿಯನ್ನು ಕಂಠಪಾಠ ಮಾಡಿಸುವುದರಿಂದ ಪ್ರಯೋಜನವಿಲ್ಲ. ಬದಲಾಗಿ ಐದು ಸನ್ನಿವೇಶಗಳನ್ನು ಆರಿಸಿಕೊಂಡಿದ್ದೇವೆ: ಗ್ರಂಥಾಲಯದಲ್ಲಿ ಪುಸ್ತಕ ಕೇಳುವುದು, ದಾಖಲೆಗಳ ಕಚೇರಿಯಲ್ಲಿ ಅನುಮತಿ ಬೇಡುವುದು, ಸಂದರ್ಶನ, ಸಭೆಯಲ್ಲಿ ಪ್ರಶ್ನೆ ಕೇಳುವುದು, ಅಪರಿಚಿತರೊಡನೆ ದೂರವಾಣಿಯಲ್ಲಿ ಮಾತನಾಡುವುದು. ಪ್ರತಿಯೊಂದರಲ್ಲಿಯೂ ವಿದ್ಯಾರ್ಥಿಯು ಮೊದಲು ಕನ್ನಡದಲ್ಲಿ ಏನು ಹೇಳುತ್ತಾನೆಂದು ಕೇಳುತ್ತೇವೆ. ಆ ಮಾತಿನಲ್ಲಿ ಗೌರವ ಎಲ್ಲಿದೆ, ಹಿಂಜರಿತ ಎಲ್ಲಿದೆ, ಕೋರಿಕೆ ಎಲ್ಲಿದೆಯೆಂದು ಗುರುತಿಸುತ್ತೇವೆ. ಅನಂತರ ಆ ಕೆಲಸವನ್ನೇ ಇಂಗ್ಲಿಷ್ ಯಾವ ರೀತಿಯಲ್ಲಿ ಮಾಡುತ್ತದೆಂದು ತೋರಿಸಿ, ಇಬ್ಬಿಬ್ಬರನ್ನು ಎದುರುಬದುರಾಗಿ ನಿಲ್ಲಿಸಿ ಆಡಿಸುತ್ತೇವೆ. ತಪ್ಪಿದರೆ ನಗುವುದನ್ನು ನಿಷೇಧಿಸಿದ್ದೇವೆ. ಈ ಕ್ರಮದಲ್ಲಿ ಕನ್ನಡವು ಅಡ್ಡಿಯಾಗದೆ ಸೋಪಾನವಾಗುತ್ತದೆ.

ಒಂದು ಎಚ್ಚರಿಕೆಯೂ ಅಗತ್ಯ. ಕನ್ನಡದ ಜಾಡು ಇಂಗ್ಲಿಷಿನಲ್ಲಿ ಕಾಣಿಸುವುದೆಲ್ಲ ದೋಷವೆಂದು ನಾವು ಹೇಳುತ್ತಿಲ್ಲ. ಹಾಸನದಲ್ಲಿ ಹುಟ್ಟಿದ ರಾಜಾರಾಯರು ೧೯೩೮ರಲ್ಲಿ ಪ್ರಕಟವಾದ ‘ಕಾಂತಾಪುರ’ದಲ್ಲಿ ನಮ್ಮ ಹಳ್ಳಿಯ ಮಾತಿನ ಲಯವನ್ನು ಉದ್ದೇಶಪೂರ್ವಕವಾಗಿ ಇಂಗ್ಲಿಷಿಗೆ ತಂದರು. ಆದರೆ ತಿಳಿದು ಮಾಡಿದುದು ಬೇರೆ, ತಿಳಿಯದೆ ಆದುದು ಬೇರೆ. ನಮ್ಮ ನೆರೆಯ ತೀರ್ಥಹಳ್ಳಿಯ ಕುವೆಂಪು ಅವರು ಮೊದಲು ಇಂಗ್ಲಿಷಿನಲ್ಲಿ ಕವಿತೆ ರಚಿಸಿ ೧೯೨೨ರಲ್ಲಿ ಸಂಗ್ರಹವೊಂದನ್ನೂ ಪ್ರಕಟಿಸಿದ್ದರು. ೧೯೨೪ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸರು ಮ್ಯಾತೃಭಾಷೆಯಲ್ಲಿ ಬರೆಯುವಂತೆ ಅವರಿಗೆ ಸಲಹೆ ಕೊಟ್ಟರು. ಎರಡು ಭಾಷೆಗಳನ್ನೂ ಬಲ್ಲವರಿಗೆ ಮಾತ್ರ ಇಂತಹ ಆಯ್ಕೆ ಸಾಧ್ಯ. ನಮ್ಮ ವಿದ್ಯಾರ್ಥಿಗೂ ಆ ಆಯ್ಕೆ ಇರಬೇಕೆಂಬುದು ನಮ್ಮ ಆಶಯ.

ಆರಂಭದ ಪ್ರಸಂಗದ ವಿದ್ಯಾರ್ಥಿಯು ಮರುವರ್ಷ ಮತ್ತೆ ಸಂದರ್ಶನಕ್ಕೆ ಹೋದನು. ಈ ನಡುವೆ ಅವನು ಮೂಲ ದಾಖಲೆಗಳಲ್ಲಿ ಕೆಲವನ್ನು ನೋಡಿದ್ದನು, ಕೆಲವನ್ನು ನೋಡಿರಲಿಲ್ಲ. ನೋಡದುದನ್ನು ಕುರಿತು ಕೇಳಿದಾಗ “ನೋ ಸಾರ್, ಐ ಹ್ಯಾವಂಟ್ ಸೀನ್ ದೆಮ್ ಯೆಟ್” ಎಂದನಂತೆ. ಏಕೆ ನೋಡಿಲ್ಲವೆಂದು ಕೇಳಿದರು. ಅದಕ್ಕೂ ಉತ್ತರ ಹೇಳಿದನು. ಆ ಸಲ ಅವನಿಗೆ ವೃತ್ತಿ ದೊರೆಯಿತು. ಅವನ ವಿಷಯಜ್ಞಾನ ಹಿಂದಿನ ವರ್ಷವೂ ಇದ್ದುದೇ. ಅದು ಸಮಿತಿಯ ಕಿವಿಗೆ ಮುಟ್ಟಿದುದು ಈ ಸಲ.